ಕೊಬ್ಬರಿ ಅಟ್ಟದ ಕೆಳಗಿನ ಅಕ್ಕ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಜಾವಗಲ್ ಕಡೆಯವರು ಯಾರಾದರೂ ಓದಿ, "ಓ, ಆ ಬೀಡಿ ಸೇದ್ತಿದ್ದ ಹೆಂಗಸಾ?" ಅಂದಾರು. ಅಂದಾರು ಏನು, ಅಂದೇ ಅನ್ನುತ್ತಾರೆ. ನನಗೆ ಆ ಜನ ಗೊತ್ತು. ಜನ್ಮದಲ್ಲಿ ಒಂದು ಬೀಡಿಯನ್ನೂ ಕೈಯಲ್ಲಿ ಹಿಡಿಯದ ಹೆಂಗಸಿಗೆ ಸತ್ತ ಮೇಲೂ ಅಂಟಿಕೊಂಡಿರುವ ಮಾತು ಅದು. ಹಾಗಾಗಿ ಇಲ್ಲಿ ಅವರು ಬರೀ ಅಕ್ಕ. ನಾನು ಕರೆಯುತ್ತಿದ್ದುದೂ ಹಾಗೆಯೇ.

ನಾನು ಬೇಲೂರಿನವಳು. ಅರಸೀಕೆರೆ ತಾಲ್ಲೂಕಿನ ಆ ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ವರ್ಗವಾಗಿ ಹೋದಾಗ ಅಕ್ಕನ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಒಂದು ವರ್ಷ ಕಳೆದು ಊರಿಗೆ ವಾಪಸ್ ವರ್ಗ ಮಾಡಿಸಿಕೊಂಡರಾಯಿತು ಅಂದುಕೊಂಡವಳು ಹನ್ನೊಂದು ವರ್ಷ ಅಲ್ಲೇ ಇದ್ದೆ. ಶನಿವಾರ ಸ್ಕೂಲು ಬಿಟ್ಟ ಮೇಲೆ ಹಳೇಬೀಡಿನ ಬಸ್ಸು ಹತ್ತಿ ಬೇಲೂರಿಗೆ, ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ವಾಪಸ್. ಅಕ್ಕ ಆಗ ಐವತ್ತು ದಾಟಿದ್ದರು. ಮಗಳನ್ನು ಗೆಂಡೆಹಳ್ಳಿಗೆ ಕೊಟ್ಟಿದ್ದರು. ಮನೆಯಲ್ಲಿ ಅವರು, ಯಜಮಾನರು. ಎರಡು ಮನೆ ಆಚೆ ಯಜಮಾನರ ತಂಗಿ.

ಬೇಲೂರಿನಲ್ಲಿ ಬೆಳೆದ ನನಗೆ ಕೊಬ್ಬರಿ ಅಂದರೆ ಅಂಗಡಿಯಲ್ಲಿ ಸಿಗುವ ಸಾಮಾನು. ಅದನ್ನು ಮಾಡಲು ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು ಅಂತ ಗೊತ್ತಾಗಿದ್ದು ಆ ಮನೆಯಲ್ಲಿ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹಾಕುತ್ತಾರೆ. ಅಟ್ಟದ ಸಂದುಗಳಲ್ಲಿ ಕೆಳಗಿನ ಒಲೆಯ ಕಾವು, ಹೊಗೆ ಮೇಲಕ್ಕೆ ಏರುತ್ತಿರಬೇಕು. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಗಡಗಡ ಅನ್ನುತ್ತದೆ. ಮಳೆಗಾಲದಲ್ಲಿ ಹೊಗೆ ತಪ್ಪಿದರೆ ಬೂಷ್ಟು ಬಂದು ಕೊಳೆಯುತ್ತದೆ. ಊರಿನ ಉಳಿದವರೆಲ್ಲ ತೋಟದಲ್ಲಿ ಶೆಡ್ಡು ಹಾಕಿಕೊಂಡಿದ್ದರು. ಈ ಮನೆಯಲ್ಲಿ ಮಾತ್ರ ಅತ್ತೆಯ ಕಾಲದ ಪದ್ಧತಿ ಹಾಗೇ ನಡೆದಿತ್ತು. ಅರಸೀಕೆರೆಯ ವರ್ತಕರು ಆ ಅಟ್ಟದ ಮಾಲನ್ನು ಬೇರೆಯಾಗಿ ಕೇಳಿ ತೆಗೆದುಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಗ್ಯಾಸ್ ಒಲೆಯೂ ಇತ್ತು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ನೆಂಟರು ಬಂದಾಗ ಕಾಫಿಗೆ ಮಾತ್ರ ಹಚ್ಚುತ್ತಿದ್ದರು.

ಅಕ್ಕನಿಗೆ ಅಟ್ಟದ ಮೇಲೆ ಇದ್ದ ಅಭಿಮಾನ ಮಗಳ ಮೇಲೂ ಇರಲಿಲ್ಲವೇನೋ. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುವರು. "ಇನ್ನೂ ನೀರೈತೆ. ಮಲಗ್ಲಿ" ಅಂತ ವಾಪಸ್ ಇಡುವರು. ಕೂಸನ್ನು ಮಲಗಿಸಿದ ಹಾಗೆ ಇಡುತ್ತೀರಲ್ಲ ಅಂತ ನಾನು ರೇಗಿಸಿದರೆ, "ತೋಟ ನಮ್ಮನೆಯೋರ್ದು, ಮನೆ ನಮ್ಮತ್ತೇದು, ಅಟ್ಟ ಒಂದು ನಂದು ಕಣ್ರೀ ಟೀಚರಮ್ಮ" ಅನ್ನುವರು.

ಅವರ ಕೆಮ್ಮು ನನಗೆ ಗಡಿಯಾರವಾಗಿತ್ತು. ಬೆಳಗಿನ ಜಾವ ಹಿತ್ತಲಲ್ಲಿ ಕೆಮ್ಮು ಕೇಳಿಸಿದರೆ ಅಕ್ಕ ಎದ್ದರು, ಒಲೆ ಹಚ್ಚಿದರು, ಇನ್ನು ಅರ್ಧ ಗಂಟೆಗೆ ಸ್ನಾನಕ್ಕೆ ಬಿಸಿನೀರು ಅಂತ ಲೆಕ್ಕ. ಕೆಮ್ಮು ಕೇಳಿ ಮಗ್ಗುಲು ಬದಲಾಯಿಸಿ ಮಲಗುತ್ತಿದ್ದೆ. ನಾಚಿಕೆಯಾಗುತ್ತದೆ ಈಗ ಹೇಳಿಕೊಳ್ಳಲು.

ಇನ್ನೊಂದು ಅಭ್ಯಾಸವಿತ್ತು ಅವರಿಗೆ. ಶನಿವಾರ ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಕಳಿಸಲು ಬರುವರು. ದಾರಿ ಸ್ವಲ್ಪ ಏರು. ನಡುವೆ ಎಲ್ಲೋ ತಟ್ಟನೆ ನಿಂತು ಯಾರದೋ ಗೋಡೆಯ ಬಣ್ಣದ ಬಗ್ಗೆ ಮಾತು ತೆಗೆಯುವರು. ಮತ್ತೆ ನಾಲ್ಕು ಹೆಜ್ಜೆ. ಸೆರಗು ಸರಿಮಾಡಿಕೊಳ್ಳಲು ನಿಲ್ಲುವರು. ಮತ್ತೆ ನಾಲ್ಕು ಹೆಜ್ಜೆ. ಬೇಲಿಯ ಗಿಡ ತೋರಿಸಿ, "ಇದರ ಸೊಪ್ಪು ಬಸ್ಸಾರಿಗೆ ಚೆನ್ನಾಗಿರ್ತೈತೆ" ಅನ್ನುವರು. ಎಂಥ ಮಾತುಗಾತಿಯಪ್ಪ ಈ ಹೆಂಗಸು, ನನ್ನ ಬಸ್ಸು ತಪ್ಪಿಸುತ್ತಾರೆ ಅಂತ ಒಳಗೊಳಗೇ ಸಿಡುಕುತ್ತಿದ್ದೆ. ಉಸಿರು ಸಾಲದೆ ನಿಲ್ಲುವುದನ್ನು ಮುಚ್ಚಿಡಲು ಅವರು ಕಂಡುಕೊಂಡ ಉಪಾಯ ಅದು ಅಂತ ತಿಳಿಯಲು ನನಗೆ ವರ್ಷಗಳೇ ಬೇಕಾದವು. ಆ ವರ್ಷಗಳಲ್ಲೆಲ್ಲ ನಾನು ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಶ್ವಾಸಕೋಶದ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಲ್ಲಿ ಶ್ವಾಸನಾಳ ತೋರಿಸಿ, ಧೂಮಪಾನ ಹಾನಿಕರ ಅಂತ ಬರೆಸುತ್ತಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಅವರ ತವರು ಹುಲಿಕೆರೆ. ಮಾತು ಬಂದಾಗಲೆಲ್ಲ ಅಲ್ಲಿನ ಕೊಳದ ಸುದ್ದಿ ಬರುತ್ತಿತ್ತು. "ಚಿಕ್ಕೋಳಿದ್ದಾಗ ತಳದ ಮೆಟ್ಟಿಲಿಂದ ಮೇಲಿನ ಮೆಟ್ಟಿಲಿಗೆ ಒಂದೇ ಉಸುರಿಗೆ ಓಡಿ ಬತ್ತಿದ್ದೆ ಕಣ್ರೀ. ನಮ್ಮಣ್ಣನೂ ನನ್ನ ಸಮ ಬತ್ತಿರ್ಲಿಲ್ಲ." ಒಂದು ಸಲ ಅಣ್ಣನ ಮಗನ ಮದುವೆಗೆ ಹೋಗಿ ಬಂದವರು ಎರಡು ದಿನ ಮಂಕಾಗಿದ್ದರು. ಮೂರನೇ ದಿನ ಅವರೇ ಅಂದರು, "ಕೊಳದ ತಾವ ಹೋಗಿದ್ದೆ. ಇಳಿಯಾಕೆ ಧೈರ್ಯ ಬರ್ಲಿಲ್ಲ. ಇಳಿದ್ರೆ ಹತ್ಬೇಕಲ್ಲ."

ಆವತ್ತೇ ನಾನು ಹಟ ಹಿಡಿದು ಅರಸೀಕೆರೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಯಜಮಾನರ ತಂಗಿಯೂ ಜೊತೆಗೆ ಬಂದರು. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅಕ್ಕ ನಗುತ್ತಾ, "ಏನಂತೈತೆ ಡಾಕ್ಟ್ರೇ, ಒಣಗೈತಾ, ಇನ್ನೂ ನೀರೈತಾ?" ಅಂದರು. ಅವರು ನಗಲಿಲ್ಲ. "ಬೀಡಿ, ಸಿಗರೇಟು ಏನಾದ್ರೂ ಅಭ್ಯಾಸ ಇದೆಯಾ?" ಅಂತ ಕೇಳಿದರು.

ಅಕ್ಕನ ಮುಖ ಕಪ್ಪಿಟ್ಟಿತು. ನನಗೆ ಎಲ್ಲಿತ್ತೋ ಸಿಟ್ಟು. "ಏನ್ ಡಾಕ್ಟ್ರೇ, ಮರ್ಯಾದಸ್ಥರ ಮನೆ ಹೆಂಗಸನ್ನ ಕೇಳೋ ಪ್ರಶ್ನೇನಾ ಇದು? ಲಿಂಗಪೂಜೆ ಮಾಡದೆ ಕಾಫಿ ಕುಡಿಯಲ್ಲ ಅವರು. ಬಂದಿರೋ ಕಾಯಿಲೆಗೆ ಔಷಧಿ ಕೊಡಿ ಸಾಕು" ಅಂದುಬಿಟ್ಟೆ. ಡಾಕ್ಟರು ಪಾಪ, ಬೆಪ್ಪಾದರು. "ಹಾಗಲ್ಲ ಮೇಡಂ, ಹೊಗೆ ಬಗ್ಗೆ..." ಅಂತ ಏನೋ ಶುರುಮಾಡಿದರು. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಅವರು ಮಾತು ಅರ್ಧಕ್ಕೆ ಬಿಟ್ಟು, ಕಫ ಪರೀಕ್ಷೆಗೆ ಚೀಟಿ ಬರೆದರು. ಟಿ.ಬಿ. ಅಲ್ಲ ಅಂತ ಬಂತು. ಟಿ.ಬಿ. ಅಲ್ಲ ಅಂದಮೇಲೆ ಇನ್ನೇನು, ಏನೂ ಇಲ್ಲ ಅಂತಲೇ ಎಲ್ಲರೂ ತಿಳಿದೆವು. ಮನೆಯಲ್ಲಿ ಪಾಯಸ ಮಾಡಿದರು, ಅದೇ ಒಲೆಯ ಮೇಲೆ. ಕೆಮ್ಮಿನ ಸಿರಪ್ಪು, ಚಳಿಗಾಲದಲ್ಲಿ ಒಂದು ಇಂಜೆಕ್ಷನ್ನು, ಹೀಗೆ ಐದು ವರ್ಷ ಹೋಯಿತು.

ಆ ಐದು ವರ್ಷದ ಕೊನೆಗೆ ಅಕ್ಕ ಹಿತ್ತಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದರು. ಮಾತಿನ ನೆಪವೂ ಮುಗಿದಿತ್ತು, ಮಾತಾಡಲೂ ಉಸಿರು ಬೇಕಲ್ಲ. ಯಜಮಾನರೇ ಹೆದರಿ ಹಾಸನಕ್ಕೆ ಕರೆದುಕೊಂಡು ಹೊರಟರು. ನಾನು ರಜಾ ಹಾಕಿ ಜೊತೆಗೆ ಹೋದೆ. ಅವರ ತಂಗಿಯೂ ಬಂದರು.

ಅಲ್ಲಿ ಒಂದು ಮೆಷಿನ್ನಿನ ಕೊಳವೆ ಬಾಯಿಗೆ ಕೊಟ್ಟು ಜೋರಾಗಿ ಊದಬೇಕು ಅಂದರು. ಅಕ್ಕನಿಗೆ ಹುರುಪು ಬಂತು. "ಅಷ್ಟೇನಾ? ನಲವತ್ತು ವರ್ಷದಿಂದ ಊದುಗೊಳವೆ ಊದಿದ್ದೀನಿ. ಇದೇನ್ ಮಹಾ" ಅಂದರು. ಊದಿದರು. ನರ್ಸು, "ಇನ್ನೂ ಅಮ್ಮಾ, ಇನ್ನೂ, ಇನ್ನೂ" ಅನ್ನುತ್ತಲೇ ಇದ್ದಳು. ಅಕ್ಕನ ಕಣ್ಣು ಮೇಲೆ ಸಿಕ್ಕಿಕೊಂಡವು, ಕತ್ತಿನ ನರ ಎದ್ದವು, ಪರದೆಯ ಮೇಲಿನ ಗೆರೆ ಮಾತ್ರ ಮೇಲೇಳಲಿಲ್ಲ. ಮೂರು ಸಲ ಮಾಡಿಸಿದರು. ಮೂರನೆಯ ಸಲ ಕೊಳವೆ ಕೆಳಗಿಟ್ಟು, ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಹಾಗೆ ನನ್ನ ಕಡೆ ನೋಡಿದರು.

ಡಾಕ್ಟರು ವಯಸ್ಸಾದ ಹೆಂಗಸು. ಮೊದಲು ಕೇಳಿದ್ದೇ, "ಎಷ್ಟು ವರ್ಷದಿಂದ ಸೌದೆ ಒಲೆ ಅಮ್ಮಾ?" ಅಂತ. ಅರಸೀಕೆರೆಯ ಡಾಕ್ಟರು ಅರ್ಧಕ್ಕೆ ಬಿಟ್ಟ ಮಾತು ನನಗೆ ನೆನಪಾಯಿತು. ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಇದಕ್ಕೆ ಸಿಒಪಿಡಿ ಅನ್ನುತ್ತಾರೆ. ಗಾಳಿ ಓಡಾಡುವ ನಾಳಗಳು ಊದಿಕೊಂಡು ಕಿರಿದಾಗಿವೆ, ಗಾಳಿ ಹಿಡಿದಿಡುವ ಪುಟ್ಟ ಚೀಲಗಳು ಹರಿದುಹೋಗಿವೆ. ಉಸಿರು ಒಳಗೆ ಹೋಗುತ್ತದೆ, ಪೂರ್ತಿ ಹೊರಗೆ ಬರುವುದಿಲ್ಲ, ಅದಕ್ಕೇ ಹೊಸ ಉಸಿರಿಗೆ ಜಾಗವಿಲ್ಲ. "ಬೀಡಿ ಸೇದೋ ಗಂಡಸರ ಕಾಯಿಲೆ ಅಂತಲೇ ಎಲ್ಲರೂ ತಿಳ್ಕೊಂಡಿದಾರೆ. ನನ್ನ ಹತ್ತಿರ ಬರೋ ಹೆಂಗಸರಲ್ಲಿ ಬೀಡಿ ಸೇದಿದವರು ಎಲ್ಲೋ ಒಬ್ಬರು. ಮಿಕ್ಕವರೆಲ್ಲ ಒಲೆ ಮುಂದೆ ಕೂತವರು. ಹೋಗಿರೋದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೋಬೇಕು. ಈ ಇನ್‌ಹೇಲರ್ ದಿನಾ ತಗೋಬೇಕು, ಹೊಗೆ ಹತ್ತಿರ ಸುಳೀಬಾರದು." ಐದು ವರ್ಷ ಮೊದಲೇ ಬಂದಿದ್ದರೆ? ಅಂತ ನಾನು ಕೇಳಿದೆ. ಯಾಕಾದರೂ ಕೇಳಿದೆನೋ. "ಆಗ ಉಳಿಸ್ಕೊಳ್ಳೋಕೆ ಜಾಸ್ತಿ ಇತ್ತು" ಅಂದರು.

ಡಾಕ್ಟರು ಹೇಳಿದ ಅಷ್ಟೂ ಮಾತಿನಲ್ಲಿ ಯಜಮಾನರ ತಂಗಿಯ ಕಿವಿಗೆ ಬಿದ್ದದ್ದು ಒಂದೇ: ಬೀಡಿ ಸೇದುವವರಿಗೆ ಬರುವ ಕಾಯಿಲೆ. ಕೆಟ್ಟ ಹೆಂಗಸಲ್ಲ ಆಕೆ. ಅತ್ತಿಗೆಯ ಮೇಲೆ ಮರುಕದಿಂದಲೇ ನಾಲ್ಕು ಜನಕ್ಕೆ ಹೇಳಿದರು. ನಾಲ್ಕು ನಲವತ್ತಾಯಿತು. ನಲವತ್ತು ಜನಕ್ಕೆ ಅಕ್ಕ ಹಿತ್ತಲಲ್ಲಿ ಕದ್ದು ಸೇದುತ್ತಿದ್ದುದು ಕಣ್ಣಾರೆ ಕಂಡ ನೆನಪೇ ಬಂದುಬಿಟ್ಟಿತು. ಇನ್‌ಹೇಲರನ್ನು ಅಕ್ಕ ಪೀಪಿ ಅನ್ನುತ್ತಿದ್ದರು. ಅದನ್ನು ಬಾಯಿಗಿಟ್ಟು ಎಳೆಯುವಾಗ ಗೋಡೆಗೆ ಮುಖ ತಿರುಗಿಸಿಕೊಳ್ಳುವರು. ಬೀಡಿ ಎಳೆದ ಹಾಗೆ ಕಾಣುತ್ತದಂತೆ. ಯಾರಾದರೂ ಮನೆಗೆ ಬಂದರೆ ಅವರು ಎದ್ದುಹೋಗುವವರೆಗೂ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಉಸಿರು ಸಿಕ್ಕದೆ ಸೆರಗು ಕಚ್ಚಿಕೊಂಡು ಕೂತಿರುವರು. ಜನ ಗಂಟೆಗಟ್ಟಲೆ ಕೂತು ಕಾಫಿ ಕುಡಿದು ಹೋಗುವರು.

ಯಜಮಾನರು ಏನು ಮಾಡಿದರು ಹೇಳುತ್ತೇನೆ ಕೇಳಿ. ಅವರಿಗೆ ಹುಡುಗನಾಗಿದ್ದಾಗಿನಿಂದ ಬೀಡಿ ಸೇದುವ ಚಟ. ಹಾಸನದಿಂದ ಬಂದ ಮೊದಲ ಸೋಮವಾರ ಮಠಕ್ಕೆ ಹೋಗಿ, ಸ್ವಾಮಿಗಳ ಮುಂದೆ ಬೀಡಿ ಕಟ್ಟು ಇಟ್ಟು, ಇನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡಿ ಬಂದರು. ಮುಟ್ಟಲೂ ಇಲ್ಲ. ಅನ್ನ ಸೇರುತ್ತಿರಲಿಲ್ಲ, ರಾತ್ರಿಯೆಲ್ಲ ಒದ್ದಾಡುತ್ತಿದ್ದರು. ಹೆಂಡತಿಗೋಸ್ಕರ ಬೀಡಿ ಬಿಟ್ಟ ಗಂಡಸು ಅಂತ ಮಠದಲ್ಲಿ ಶಾಲು ಹೊದಿಸಿದರು. ಊರೆಲ್ಲ ಹೊಗಳಿತು. ಅಕ್ಕನೂ ಕಣ್ಣೀರು ಹಾಕಿಕೊಂಡು, "ನಂಗೋಸ್ಕರ ಎಷ್ಟು ಕಷ್ಟಪಡ್ತಾವ್ರೆ ನೋಡಿ" ಅಂದರು. ಅಂದದ್ದು ಒಲೆಯ ಮುಂದೆ ಕೂತು, ತೆಂಗಿನ ಮಟ್ಟೆ ತುರುಕುತ್ತಾ.

ನನಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಬೀಡಿ ಬಿಟ್ರಿ, ದೊಡ್ಡ ಮನಸ್ಸು. ಈ ಹೊಗೆ?" ಅಂದೆ.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾವ ಹೊಗೆ ಟೀಚರಮ್ಮ?"

"ಇದೇ. ಈ ಒಲೇದು."

"ಅಯ್ಯೋ, ಇದು ಒಲೆ ಕಣ್ರೀ. ನಮ್ಮವ್ವ ಎಂಬತ್ತು ವರ್ಷ ಕೂತಿದ್ದಳಲ್ಲ ಇದರ ಮುಂದೆ" ಅಂದರು. ಮೋಸವಿಲ್ಲದ ಮುಖ. ಆ ಮುಖಕ್ಕೆ ಏನಂತ ಬೈಯುವುದು? ಅವರವ್ವ ಯಾವುದರಿಂದ ಹೋದರು ಅಂತ ಕೇಳಿದೆ. "ಅವಳಿಗೂ ಇಂಥದೇ ಉಬ್ಬಸ ಇತ್ತು. ವಯಸ್ಸಾಗಿತ್ತಲ್ಲ."

ಆಮೇಲೆ ನಾನು ಜಗಳಗಂಟಿಯೇ ಆದೆ. ದಿನ ಬೆಳಗಾದರೆ ಅದೇ ಮಾತು. ಗ್ಯಾಸ್ ಒಲೆಯ ಮೇಲಿನ ಕಸೂತಿ ಬಟ್ಟೆಯನ್ನು ಕಿತ್ತು ನನ್ನ ಕೋಣೆಯಲ್ಲಿ ಬಚ್ಚಿಟ್ಟೆ. ಹಾಸನದ ಡಾಕ್ಟರಿಂದ ಯಜಮಾನರಿಗೆ ಫೋನಿನಲ್ಲಿ ಹೇಳಿಸಿದೆ. ಕೊನೆಗೆ ಯುಗಾದಿಯ ಹೊತ್ತಿಗೆ ಅವರು ಒಪ್ಪಿದರು. ಅಡುಗೆ ಗ್ಯಾಸಿನಲ್ಲಿ, ಬಿಸಿನೀರಿನ ಒಲೆ ಹಿತ್ತಲ ಮರದ ಕೆಳಗೆ, ಅದನ್ನು ಹಚ್ಚುವುದು ಯಜಮಾನರು. ಅಟ್ಟದಲ್ಲಿ ಹೋದ ವರ್ಷದ ಕಾಯಿ ಹಾಗೇ ಇತ್ತು. ಬೇಸಿಗೆಯ ಬಿಸಿಲಿಗೇ ಒಣಗುತ್ತದೆ ಅಂತ ನಾನೇ ಧೈರ್ಯ ಹೇಳಿದೆ, ಏನೋ ಕೊಬ್ಬರಿಯ ಕಸುಬು ಗೊತ್ತಿರುವವಳ ಹಾಗೆ.

ಆ ಮೂರು ತಿಂಗಳು ಅಕ್ಕ ಕೊಂಚ ಸುಧಾರಿಸಿದ್ದರು. ಕೆಮ್ಮು ಕಮ್ಮಿಯಾಯಿತು. ಒಂದು ದಿನ ಬಸ್ ಸ್ಟ್ಯಾಂಡಿನ ಅರ್ಧ ದಾರಿಯವರೆಗೂ ನನ್ನ ಜೊತೆ ಬಂದರು. ಆದರೆ ಮನೆಯೊಳಗೆ ಅವರಿಗೆ ಕೈಕಾಲು ಆಡದು. ಏಣಿಯ ಕೆಳಗೆ ನಿಂತು ಮೇಲೆ ನೋಡುವರು. ಹತ್ತಲಾರರು. ಯಜಮಾನರಿಂದ ಒಂದೊಂದು ಕಾಯಿ ಇಳಿಸಿಕೊಂಡು ಕಿವಿಗೆ ಹಿಡಿಯುವರು.

ಆಷಾಢದಲ್ಲಿ ಮಳೆ ಹಿಡಿಯಿತು. ಹತ್ತು ದಿನ ಬಿಸಿಲೇ ಇಲ್ಲ. ನಾನು ನಾಲ್ಕು ದಿನ ರಜೆಯ ಮೇಲೆ ಬೇಲೂರಿನಲ್ಲಿದ್ದೆ. ಆಗ ಅಕ್ಕ ಯಜಮಾನರು ಇಳಿಸಿಟ್ಟಿದ್ದ ಒಂದು ಕಾಯಿ ಅಲ್ಲಾಡಿಸಿದರಂತೆ, ಇನ್ನೊಂದು ಅಲ್ಲಾಡಿಸಿದರಂತೆ, ಒಡೆದು ನೋಡಿದರೆ ಒಳಗೆ ಕೊಳೆತಿತ್ತು. ಯಜಮಾನರು ತೋಟಕ್ಕೆ ಹೋಗಿದ್ದರು. ಅಕ್ಕ ತಾವೇ ಹಸಿ ಮಟ್ಟೆ, ಒದ್ದೆ ಗರಿ ತಂದು ಹಳೆಯ ಒಲೆಗೆ ತುಂಬಿದರು. ಒದ್ದೆಯದ್ದು ಹೊಗೆ ಜಾಸ್ತಿ ಕೊಡುತ್ತದೆ. ಹತ್ತಿಕೊಳ್ಳದಿದ್ದಾಗ ಊದುಗೊಳವೆ ತೆಗೆದುಕೊಂಡು ಊದಿದರು. ಯಜಮಾನರು ಮಧ್ಯಾಹ್ನ ಬಂದಾಗ ಒಲೆ ಚೆನ್ನಾಗಿ ಉರಿಯುತ್ತಿತ್ತು. ಅಕ್ಕ ಪಕ್ಕದಲ್ಲಿ ನೀಲಿಗಟ್ಟಿ ಬಿದ್ದಿದ್ದರು.

ಹಾಸನದ ವಾರ್ಡಿನಲ್ಲಿ ನೋಡಿದಾಗ ಮುಖದ ತುಂಬ ಆಕ್ಸಿಜನ್ ಮಾಸ್ಕು. ಎರಡು ಮಾತಿಗೊಮ್ಮೆ ಅದನ್ನು ಎತ್ತಿ ಹಿಡಿಯುವರು. ನಾನು ಬೈಯಲೆಂದೇ ಹೋಗಿದ್ದೆ. ಆಗಲಿಲ್ಲ. ಅವರ ಕೈ ಹಿಡಿದುಕೊಂಡು, ಅರಸೀಕೆರೆಯ ಡಾಕ್ಟರ ಬಾಯಿ ಮುಚ್ಚಿಸಿದವಳು ನಾನೇ ಅಕ್ಕ, ಅವತ್ತು ಅವರು ಹೊಗೆಯ ಬಗ್ಗೆ ಕೇಳಲು ಹೊರಟಿದ್ದರು, ನನ್ನ ಸಿಟ್ಟೇ ನಿಮ್ಮ ಐದು ವರ್ಷ ತಿಂದಿತು ಅಂತ ಹೇಳಿ ಅತ್ತುಬಿಟ್ಟೆ.

ಅಕ್ಕ ಮಾಸ್ಕು ಎತ್ತಿದರು. "ಅವತ್ತು ನೀವು ಬೈದ್ರಲ್ಲ..." ಅಂದು ಮತ್ತೆ ಇಟ್ಟುಕೊಂಡರು. ಉಸಿರು ಕೂಡಿಸಿಕೊಂಡು ಮತ್ತೆ ಎತ್ತಿದರು. "ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ. ನನ್ನ ಕಡೆಗೆ ಯಾರೂ ಹಂಗೆ ಮಾತಾಡಿರ್ಲಿಲ್ಲ."

ಇಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ನನಗೆ ಅವರು ಬೈದಿದ್ದರೇ ಚೆನ್ನಾಗಿತ್ತು. ನಾಲ್ಕನೇ ದಿನ ಬೆಳಗ್ಗೆ ಹೋದರು.

ಸುದ್ದಿ ಬಂದ ಕೂಡಲೇ ಯಜಮಾನರ ತಂಗಿ ಅಣ್ಣನ ಮನೆಗೆ ಹೋಗಿ ಹಿತ್ತಲಿನದೂ ಒಳಗಿನದೂ ಎರಡೂ ಒಲೆಗೆ ನೀರು ಹಾಕಿದ್ದರು. ಹೆಣವಿರುವ ಮನೆಯಲ್ಲಿ ಒಲೆ ಉರಿಯಬಾರದು. ಊಟ ಅಕ್ಕಪಕ್ಕದ ಮನೆಗಳಿಂದ ಬರಬೇಕು. ಯಾರೂ ವಾದ ಮಾಡಲಿಲ್ಲ, ಅಟ್ಟಕ್ಕೆ ಹೊಗೆ ಬೇಕು ಅಂತ ಯಾರೂ ಅನ್ನಲಿಲ್ಲ. ನಾನು ತಿಂಗಳುಗಟ್ಟಲೆ ಬಾಯಿ ಬಡಿದುಕೊಂಡರೂ ಪೂರ್ತಿ ಆರಿಸಲಾಗದ್ದನ್ನು ಆಕೆ ಒಂದು ಚೊಂಬು ನೀರಿನಲ್ಲಿ ಆರಿಸಿದ್ದರು. ಅಕ್ಕನನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಮನೆಯ ಗಾಳಿ ಎಷ್ಟು ಹಗುರವಾಗಿತ್ತೆಂದರೆ ನನಗೆ ಕೂರಲಾಗಲಿಲ್ಲ.

ಮಧ್ಯಾಹ್ನ ತೋಟದಲ್ಲಿ ಮಣ್ಣು ಮಾಡಿ ಎಲ್ಲರೂ ವಾಪಸ್ ಬಂದರು. ಸ್ನಾನವಾಯಿತು. ಯಜಮಾನರು ಕಂಬಕ್ಕೊರಗಿ ಕೂತು, ಯಾರನ್ನೂ ಉದ್ದೇಶಿಸದೆ, "ಕಾಯಿ ಎಲ್ಲ ಹೋಗ್ತೈತೆ. ಅವಳು ಜೀವ ಕೊಟ್ಟಿದ್ದು ದಂಡ ಆಗ್ತೈತೆ" ಅಂದರು. ತಂಗಿ ಎದ್ದು ಒಳಗೆ ಹೋಗಿ ಹಳೆಯ ಒಲೆಯ ಬೂದಿ ಬಳಿದು, ಕರಟ ಜೋಡಿಸಿ ಹಚ್ಚಿದರು. ಹೊಗೆ ಎದ್ದಿತು. ಆಕೆ ಕೆಮ್ಮುತ್ತಾ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ, ಬಾಗಿಲ ಹತ್ತಿರ ಕೂತಿದ್ದ ನನ್ನ ಕಡೆ ತಿರುಗಿದರು.

"ಟೀಚರಮ್ಮ, ಆ ಬಾಗಿಲು ಒಂಚೂರು ಮುಂದಕ್ಕೆ ಮಾಡ್ರಿ. ಹೊಗೆ ಎಲ್ಲಾ ಆಚೆ ಹೋಯ್ತಾ ಐತೆ."

ಮಣ್ಣು ಮಾಡಿ ಬಂದ ಮನೆಯಲ್ಲಿ ಏನಂತ ಎದುರು ಮಾತಾಡುವುದು? ನಾನು ಎದ್ದು ಬಾಗಿಲು ಮುಂದಕ್ಕೆ ಮಾಡಿದೆ.